ಟವೆಲ್ ಕೆಳಗೆ ಹದಿನೈದು ವೋಲ್ಟ್

ಸಾಗರದಿಂದ ಒಳಗೆ, ಅಡಕೆ ತೋಟದ ನಡುವೆ ಅಕ್ಕನ ಮನೆ. ಆಷಾಢದ ಮಳೆ ಹಿಡಿಯಿತೆಂದರೆ ಅಲ್ಲಿ ಕರೆಂಟಿಗೂ ನೆಂಟರಿಗೂ ಒಂದೇ ಸ್ವಭಾವ. ಯಾವಾಗ ಬಂದಾರು, ಎಷ್ಟು ಹೊತ್ತು ಇದ್ದಾರು ಹೇಳುವಂತಿಲ್ಲ. ಅದೇ ಸೀಮೆಯಲ್ಲೇ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಇದೆ. ಆದರೆ ತೋಟದ ಮೇಲೆ ಹಾದುಬರುವ ತಂತಿಗೆ ಒಂದು ಹಲಸಿನ ಕೊಂಬೆ ಬಿದ್ದರೆ ಸಾಕು, ಆ ಮೆಗಾವಾಟೆಲ್ಲ ಬೇರೆ ಊರಿನವರಿಗೆ.

ಭಾವ ಇನ್ವರ್ಟರ್ ಹಾಕಿಸಿದ್ದಾರೆ. ನಾಲ್ಕು ಲೈಟು, ಎರಡು ಫ್ಯಾನು, ಹಾಲ್‌ನಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟು. ಆ ಪಾಯಿಂಟು ಟಿವಿಗೆ ಮೀಸಲು. ರಾತ್ರಿಯ ವಾರ್ತೆ ತಪ್ಪಬಾರದು. ಅದಕ್ಕೆ ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿ ಮಿಕ್ಕಿದ್ದೆಲ್ಲ ಹಾಕಬಾರದು ಎಂಬುದು ಅವರ ಕಟ್ಟಪ್ಪಣೆ. ಬ್ಯಾಟರಿ ಹಾಳಾಗುತ್ತದಂತೆ. ಈ ಒಂದು ಕಟ್ಟಪ್ಪಣೆಯಿಂದಾಗಿಯೇ ಇಷ್ಟೆಲ್ಲ ಬರೆಯಬೇಕಾಗಿ ಬಂತು.

ಹೋದ ಮಳೆಗಾಲದಲ್ಲಿ ನಾನು ಅಲ್ಲಿದ್ದಾಗ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಟಿವಿ ಉಳಿಯಿತು, ಅದರ ಪಕ್ಕದಲ್ಲಿದ್ದ ವಿಡಿಯೊ ಗೇಮಿನ ಡಾಕ್ ಸತ್ತಿತು. ಏಳನೇ ಕ್ಲಾಸಿನ ಸೋದರಳಿಯ ಮೆಲ್ಲಗೆ ನನ್ನ ಬ್ಯಾಗಿನ ಕಡೆ ನೋಡಿ, ‘ಮಾವ, ನಿನ್ ಹತ್ರ ಪವರ್ ಬ್ಯಾಂಕ್ ಇದ್ಯಲ್ಲ?’ ಅಂದ. ಇತ್ತು. ಅರ್ಧ ಇಟ್ಟಿಗೆಯಷ್ಟು ಗಾತ್ರದ್ದು, ಮೈಮೇಲೆ 20,000 ಎಂದು ದಪ್ಪಕ್ಷರದಲ್ಲಿ ಹಾಕಿದ್ದು, ನನ್ನ ಫೋನನ್ನು ಮೂರು ಬಾರಿ ಭರ್ತಿ ಮಾಡುವಂಥದ್ದು. ವೈರು ಸಿಕ್ಕಿಸಿದೆವು. ಡಾಕ್‌ನ ಮೂಲೆಯ ಹಸಿರು ದೀಪ ಹೊತ್ತಲಿಲ್ಲ. ತೆಗೆದು ತಿರುಗಿಸಿ ಹಾಕಿದೆವು. ನಮ್ಮ ಕಾಲದ ಕ್ಯಾಸೆಟ್ ಗೇಮಿನ ಅಭ್ಯಾಸದಿಂದ ನಾನು ಅದರ ಬಾಯಿಗೆ ಒಮ್ಮೆ ಊದಿಯೂ ನೋಡಿದೆ. ಏನಿಲ್ಲ. ಕೊನೆಗೆ ಹುಡುಗ ಕನ್ಸೋಲನ್ನು ಡಾಕ್‌ನಿಂದ ಎತ್ತಿ ಅದೇ ವೈರನ್ನು ನೇರ ಅದರ ಬುಡಕ್ಕೆ ಚುಚ್ಚಿದ. ಸುಸೂತ್ರವಾಗಿ ಚಾರ್ಜ್ ಆಗತೊಡಗಿತು!

ಅದೇ ಬ್ಯಾಂಕು, ಅದೇ ವೈರು, ಅದೇ ಕನ್ಸೋಲು. ನಡುವೆ ಆ ಪ್ಲಾಸ್ಟಿಕ್ ತೊಟ್ಟಿಲು ಬಂದರೆ ಮಾತ್ರ ಒಲ್ಲೆ ಅನ್ನುತ್ತದೆ. ತೊಟ್ಟಿಲಿಗೇಕೆ ಇಷ್ಟು ಜಂಬ?

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಜಪಾನಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡಿ ಮಾರಲು ಶುರುವಾದ ನಿಂಟೆಂಡೊ ಕಂಪನಿ, 2017ರ ಮಾರ್ಚ್‌ನಲ್ಲಿ ಸ್ವಿಚ್ ಎಂಬ ಕನ್ಸೋಲ್ ಬಿಟ್ಟಿತು. ನೋಡಲು ದೊಡ್ಡ ಫೋನಿನ ಹಾಗೆ, ಎರಡು ಬದಿಗೆ ಹಿಡಿಕೆ. ಕೈಯಲ್ಲಿ ಹಿಡಿದು ಆಡಬಹುದು. ಡಾಕ್ ಎಂಬ ಪೆಟ್ಟಿಗೆಯಲ್ಲಿ ಇಳಿಬಿಟ್ಟರೆ ಆಟ ಟಿವಿಯ ಮೇಲೆ ಬರುತ್ತದೆ. ಕೈಯಲ್ಲಿದ್ದಾಗ 720ಪಿ ಚಿತ್ರ, ಡಾಕ್‌ನಲ್ಲಿ ಕೂತಾಗ 1080ಪಿವರೆಗೆ. ಅಂದರೆ ಡಾಕ್‌ಗೆ ಇಳಿದ ಕೂಡಲೇ ಒಳಗಿನ ಗ್ರಾಫಿಕ್ಸ್ ಚಿಪ್ಪು ಸೊಂಟ ಕಟ್ಟಿ ಜೋರಾಗಿ ದುಡಿಯಲು ನಿಲ್ಲುತ್ತದೆ. ಕನ್ಸೋಲಿನ ಬುಡದಲ್ಲಿರುವ ಟೈಪ್-ಸಿ ತೂತೊಂದರಲ್ಲೇ ಕರೆಂಟು ಒಳಗೆ ಬರಬೇಕು, ಚಿತ್ರ ಹೊರಗೆ ಹೋಗಬೇಕು. ಹೊರಗೆ ಬರುವ ಚಿತ್ರ ಡಿಸ್‌ಪ್ಲೇಪೋರ್ಟ್ ಎಂಬ ರೂಪದಲ್ಲಿರುತ್ತದೆ. ಅದನ್ನು ಟಿವಿಗೆ ಅರ್ಥವಾಗುವ ಎಚ್‌ಡಿಎಂಐಗೆ ಬದಲಿಸುವುದು ಡಾಕ್‌ನೊಳಗಿನ ಪುಟ್ಟ ಬೋರ್ಡಿನ ಕೆಲಸ. ಹಾಗಾಗಿ ಅದು ಬರೀ ತೊಟ್ಟಿಲಲ್ಲ, ಮಧ್ಯದಲ್ಲಿ ಕೂತ ದುಭಾಷಿ. ದುಭಾಷಿಗೂ ಊಟ ಹಾಕಬೇಕು.

ಹಾಕಬಹುದಿತ್ತು. ನನ್ನ ಬ್ಯಾಂಕಿನಲ್ಲಿ ಊಟ ಬೇಕಾದಷ್ಟಿತ್ತು. ತಕರಾರು ಇದ್ದದ್ದು ಊಟದ ಪ್ರಮಾಣದಲ್ಲಲ್ಲ, ಮಾತುಕತೆಯಲ್ಲಿ.

ನಮ್ಮ ಕಡೆ ದನದ ಜಾತ್ರೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಜೋಡಿ ಎತ್ತಿನ ಮುಂದೆ ಇಬ್ಬರು ನಿಂತಿರುತ್ತಾರೆ. ಇಬ್ಬರ ಕೈಯ ಮೇಲೂ ಒಂದು ಟವೆಲ್. ಬಾಯಲ್ಲಿ ಮಳೆ ಬೆಳೆಯ ಮಾತು, ಟವೆಲ್ ಕೆಳಗೆ ಬೆರಳಿನ ಮಾತು. ಒಬ್ಬ ಇನ್ನೊಬ್ಬನ ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ. ಒಪ್ಪಿಗೆಯಾದರೆ ಟವೆಲ್ ತೆಗೆದು ಕೈ ಕುಲುಕಿ ಹಗ್ಗ ಬಿಚ್ಚುತ್ತಾರೆ. ಆಗದಿದ್ದರೆ ಸುಮ್ಮನೆ ಟವೆಲ್ ಹೆಗಲಿಗೇರಿಸಿ ಮುಂದಿನ ಜೋಡಿಯ ಕಡೆ ನಡೆಯುತ್ತಾರೆ. ಸುತ್ತ ನಿಂತವರಿಗೆ ವ್ಯಾಪಾರ ಎಲ್ಲಿ ಮುರಿಯಿತೆಂದು ಗೊತ್ತೇ ಆಗುವುದಿಲ್ಲ.

ಟೈಪ್-ಸಿ ವೈರಿನೊಳಗೂ ಇಂಥದೊಂದು ಟವೆಲ್ ಇದೆ. ಆ ಪುಟ್ಟ ಬಾಯೊಳಗೆ 24 ಪಿನ್‌ಗಳು. ಕರೆಂಟು ಸಾಗಿಸುವವು ಕೆಲವು, ಮಾಹಿತಿ ಸಾಗಿಸುವವು ಕೆಲವು, ಚೌಕಾಸಿಗೆಂದೇ ಮೀಸಲಾದವು ಎರಡು. ಅವುಗಳ ಹೆಸರು ಸಿಸಿ. ವೈರು ಸಿಕ್ಕಿಸಿದ ಕೂಡಲೇ ಕರೆಂಟು ಹರಿಯುವುದಿಲ್ಲ. ಆ ಕಡೆ ಯಾರಿದ್ದಾರೆ ಎಂದು ಬ್ಯಾಂಕು ಸಿಸಿ ಪಿನ್ನಿನ ಮೂಲಕ ಮೊದಲು ತಡವುತ್ತದೆ. ಆ ಕಡೆ 5.1 ಕಿಲೊ ಓಮ್‌ನ ರೆಸಿಸ್ಟರ್ ಒಂದು ಕೈಗೆ ತಾಗಿದರೆ, ಸರಿ, ಕರೆಂಟು ಬೇಡುವವನು ಇದ್ದಾನೆ ಎಂದರ್ಥ. ಆಗ ಮಾತ್ರ 5 ವೋಲ್ಟ್ ಬಿಡುತ್ತದೆ. ಇದು ಬಂದವರಿಗೆಲ್ಲ ಕೊಡುವ ಬೆಲ್ಲ ನೀರು. ಅಸಲು ವ್ಯವಹಾರ ಆಮೇಲೆ.

ಬ್ಯಾಂಕು ತನ್ನ ದರಪಟ್ಟಿ ಓದುತ್ತದೆ: 5 ವೋಲ್ಟಿಗೆ 3 ಆಂಪ್ ಕೊಡಬಲ್ಲೆ, 9 ವೋಲ್ಟಿಗೆ ಇಷ್ಟು, 15ಕ್ಕೆ ಇಷ್ಟು. ಆ ಕಡೆಯವನು ಪಟ್ಟಿಯಲ್ಲಿ ಇಂತಿಷ್ಟನೆಯದು ಕೊಡು ಎನ್ನುತ್ತಾನೆ. ಬ್ಯಾಂಕು ಒಪ್ಪಿ ವೋಲ್ಟೇಜ್ ಏರಿಸಿ, ತಯಾರಿದೆ ಎಂದು ಹೇಳಿದ ಮೇಲೆಯೇ ಈತ ಎಳೆಯಲು ಶುರುಮಾಡಬೇಕು. ಇದಿಷ್ಟೂ ನಾವು ವೈರಿನಿಂದ ಕೈ ತೆಗೆಯುವುದರೊಳಗೆ ಮುಗಿದಿರುತ್ತದೆ. ಈ ಪದ್ಧತಿಗೆ ಯುಎಸ್‌ಬಿ ಪವರ್ ಡೆಲಿವರಿ ಎಂದು ಹೆಸರು. ಅಂಗಡಿಯ ಭಾಷೆಯಲ್ಲಿ ಪಿಡಿ. 1996ರಲ್ಲಿ ಮೊದಲ ಯುಎಸ್‌ಬಿ ಬಂದಾಗ ಇಂಥ ಚೌಕಾಸಿಯ ಅಗತ್ಯ ಇರಲಿಲ್ಲ. ವಡೋದರದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಮತ್ತು ಅವರ ಜೊತೆಗಾರರು ರೂಪಿಸಿದ ಆ ವೈರಿನಲ್ಲಿ ಹೆಚ್ಚೆಂದರೆ 2.5 ವಾಟ್ ಹರಿಯುತ್ತಿತ್ತು. ಮೌಸು, ಕೀಬೋರ್ಡಿಗೆ ಅದು ಧಾರಾಳ. 2021ರ ನಿಯಮದ ಪ್ರಕಾರ ಅದೇ ವಂಶದ ವೈರಿನಲ್ಲಿ 240 ವಾಟ್‌ವರೆಗೂ ಹರಿಸಬಹುದು. ಅಷ್ಟನ್ನು ಕೇಳದೆ ಹೇಳದೆ ಬಿಟ್ಟರೆ ಎದುರಿನ ಸಾಮಾನು ಸುಟ್ಟು ಕರಕಲಾಗುತ್ತದೆ. ಅದಕ್ಕೇ ಈ ಟವೆಲ್ಲು.

ಇನ್ನು ಡಾಕ್ ಕೇಳಿದ ಬೆಲೆ ಏನು? ಸ್ವಿಚ್ ಜೊತೆ ಬರುವ ಅಡಾಪ್ಟರನ್ನು ಮಗುಚಿ ಕಣ್ಣು ಕಿರಿದು ಮಾಡಿ ಓದಿದರೆ ಎರಡೇ ಸಾಲು ಸಿಗುತ್ತವೆ. 5 ವೋಲ್ಟ್ 1.5 ಆಂಪ್, ಇಲ್ಲವೇ 15 ವೋಲ್ಟ್ 2.6 ಆಂಪ್. ಎರಡನೆಯದನ್ನು ಗುಣಿಸಿದರೆ 39 ವಾಟ್. ಕನ್ಸೋಲ್ ಒಂದೇ ಇದ್ದಾಗ ಹೊಂದಾಣಿಕೆಯ ಮನುಷ್ಯ. 5 ವೋಲ್ಟ್ ಕೊಟ್ಟರೂ ನಿಧಾನವಾಗಿ ಕುಡಿಯುತ್ತದೆ. ಡಾಕ್ ಹಾಗಲ್ಲ. ಅದಕ್ಕೆ ಪಟ್ಟಿಯಲ್ಲಿ 15 ವೋಲ್ಟ್ ಇರಬೇಕು, ಅದರ ಮುಂದೆ 2.6 ಆಂಪ್‌ಗೆ ಕಡಿಮೆಯಿಲ್ಲದ ಅಂಕಿ ಇರಬೇಕು. ಇಲ್ಲವೋ, ಟವೆಲ್ ಹೆಗಲಿಗೆ.

ನನ್ನ ಬ್ಯಾಂಕನ್ನು ಮಗುಚಿ ನೋಡಿದೆ. ತಯಾರಕರ ಹೆಸರು ಇಲ್ಲಿ ಬೇಡ. ಮುಂದೆ ‘ಫಾಸ್ಟ್ ಚಾರ್ಜ್’ ಎಂಬ ಮಿಂಚಿನ ಚಿತ್ರ. ಹಿಂದೆ, ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣದಲ್ಲಿ, ಓದಬಾರದೆಂದೇ ಅಚ್ಚು ಹಾಕಿದಂಥ ಅಕ್ಷರ. ಫೋನಿನ ಕ್ಯಾಮೆರಾದಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿದಾಗ ಕಂಡದ್ದು: 5 ವೋಲ್ಟ್ 3 ಆಂಪ್, 9 ವೋಲ್ಟ್ 2 ಆಂಪ್, 12 ವೋಲ್ಟ್ 1.5 ಆಂಪ್. 18 ವಾಟ್‌ನ ಬ್ಯಾಂಕು. ಪಟ್ಟಿಯಲ್ಲಿ 15 ವೋಲ್ಟ್ ಎಂಬ ಸಾಲೇ ಇಲ್ಲ. ಆ ಮಧ್ಯಾಹ್ನವಿಡೀ ನಾವು ಅಕ್ಕಿ ಅಂಗಡಿಗೆ ಹೋಗಿ ಸೀರೆ ಕೇಳುತ್ತಿದ್ದೆವು.

ಬೆಂಗಳೂರಿಗೆ ಮರಳಿದ ಮೇಲೆ ಗೆಳೆಯನೊಬ್ಬನ 30 ವಾಟ್‌ನ ಬ್ಯಾಂಕು ತಂದು ಪ್ರಯೋಗಿಸಿದೆ. ಅದರಲ್ಲಿ 15 ವೋಲ್ಟ್ ಇತ್ತು! ಆದರೆ ಮುಂದೆ 2 ಆಂಪ್. ಪಕ್ಕದ ಮನೆಯ ಹುಡುಗನ ಡಾಕ್‌ಗೆ ಸಿಕ್ಕಿಸಿದರೆ ಮತ್ತದೇ ಮೌನ. ಅರ್ಧ ಆಂಪ್ ಚಿಲ್ಲರೆಗೆ ವ್ಯಾಪಾರ ಮುರಿಯಿತು.

ಇದು ಡಾಕ್‌ನ ಹಟಮಾರಿತನ ಅನಿಸುವುದು ಅದು ನಿಜವಾಗಿ ಎಷ್ಟು ತಿನ್ನುತ್ತದೆ ಎಂದು ನೋಡಿದಾಗ. ವೈರಿನ ನಡುವೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಗಾತ್ರದ ಯುಎಸ್‌ಬಿ ಮೀಟರು ಬರುತ್ತದೆ, ಪುಟ್ಟ ಪರದೆಯ ಮೇಲೆ ವೋಲ್ಟು, ಆಂಪು ಎರಡನ್ನೂ ತೋರಿಸುವಂಥದ್ದು. ಮೂಲ ಅಡಾಪ್ಟರಿನ ವೈರು ಬಿಚ್ಚಲು ಬರುವುದಿಲ್ಲವಾದ್ದರಿಂದ ಡಾಕ್‌ನ ಬಾಯಲ್ಲೇ ಮೀಟರು ಸಿಕ್ಕಿಸಿ ಕೂತೆ. ಸಿಕ್ಕಿಸಿದಾಗ 5.1 ಎಂದು ತೋರಿಸುತ್ತಿದ್ದ ಅಂಕಿ, ಕನ್ಸೋಲನ್ನು ಡಾಕ್‌ಗೆ ಇಳಿಸಿದ ಕೂಡಲೇ ಜಿಗಿದು 15ರ ಹತ್ತಿರ ನಿಂತಿತು. ಆ ಜಿಗಿತವೇ ಒಪ್ಪಂದದ ಕ್ಷಣ. ಟವೆಲ್ ಕೆಳಗಿನ ಬೆರಳು ಕಣ್ಣಿಗೆ ಕಾಣುವುದು ಅಲ್ಲಿ ಮಾತ್ರ. ಆಟ ಶುರುವಾದ ಮೇಲೆ ಆಂಪ್‌ನ ಅಂಕಿ 0.8ರಿಂದ 1.1ರ ನಡುವೆ ತೊನೆಯುತ್ತಿತ್ತು. ಅಂದರೆ ಹನ್ನೆರಡರಿಂದ ಹದಿನಾರು ವಾಟ್ ಚಿಲ್ಲರೆ. 39 ಕೇಳಿ ಅರ್ಧವನ್ನೂ ಮುಟ್ಟುವುದಿಲ್ಲ!

ಆದರೂ ನಾನು ಈ ವಿಷಯದಲ್ಲಿ ಡಾಕ್ ಪರ. ಮದುವೆ ಮನೆಯ ಅಡುಗೆ ಭಟ್ಟರು ಮುನ್ನೂರು ಎಲೆಗೆ ಹೇಳಿದರೆ ನಾನೂರಕ್ಕೆ ಅಕ್ಕಿ ನೆನೆಸುತ್ತಾರೆ. ಡಾಕ್‌ನ ಮೈಯಲ್ಲಿ ಮೂರು ಯುಎಸ್‌ಬಿ ಪೋರ್ಟುಗಳಿದ್ದು, ಅವಕ್ಕೆ ಯಾರು ಏನು ಸಿಕ್ಕಿಸುತ್ತಾರೋ ಹೇಳಲಾಗದು. ಕನ್ಸೋಲಿನ ಬ್ಯಾಟರಿ ಬರಿದಾಗಿದ್ದರೆ ಆಡುತ್ತಲೇ ಅದೂ ತುಂಬಬೇಕು. ಎಲ್ಲವೂ ಒಟ್ಟಿಗೆ ಬಾಯಿ ತೆರೆದಾಗ ಕರೆಂಟು ಸಾಲದೆ ಚಿತ್ರ ನಿಂತು ಹೋಗುವುದಕ್ಕಿಂತ, ಮೊದಲೇ ಆಗದು ಎಂದುಬಿಡುವುದು ಮೇಲು. ನನ್ನ ದೂರು ಒಂದೇ: ಆಗದು ಎನ್ನುವುದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಒಂದು ಕೆಂಪು ದೀಪಕ್ಕೆ ಎಷ್ಟು ಖರ್ಚಾಗುತ್ತಿತ್ತು?

15 ವೋಲ್ಟೇ ಏಕೆ ಎನ್ನುವುದಕ್ಕೆ ಉತ್ತರ ಅಕ್ಕನ ಊರಿನ ಬೆಟ್ಟದ ಮೇಲೇ ನಿಂತಿದೆ. ಶರಾವತಿಯ ಕರೆಂಟು ಬೆಂಗಳೂರಿಗೆ ಹೊರಡುವಾಗ 2,20,000 ವೋಲ್ಟ್‌ನ ತಂತಿ ಏರುತ್ತದೆ. ವೋಲ್ಟ್ ಹೆಚ್ಚಿದ್ದರೆ ಅಷ್ಟೇ ಶಕ್ತಿಗೆ ಆಂಪ್ ಕಡಿಮೆ ಸಾಕು. ಆಂಪ್ ಕಡಿಮೆಯಾದರೆ ತಂತಿ ಕಾಯುವುದು ಕಡಿಮೆ, ಸಣ್ಣ ತಂತಿಯಲ್ಲೇ ಕೆಲಸವಾಗುತ್ತದೆ. 39 ವಾಟನ್ನು 5 ವೋಲ್ಟಿನಲ್ಲಿ ಕಳಿಸಬೇಕಾದರೆ ಸುಮಾರು 8 ಆಂಪ್ ಹರಿಯಬೇಕು. ಸಾಮಾನ್ಯ ಟೈಪ್-ಸಿ ವೈರಿನ ತಾಕತ್ತು 3 ಆಂಪ್. 15 ವೋಲ್ಟಾದರೆ 2.6ರಲ್ಲಿ ಮುಗಿಯಿತು.

ಅಂಗಡಿಗೆ ಹೋಗುವವರಿಗೆ ಇಲ್ಲೊಂದು ಅನುಕೂಲವಿದೆ. ಪಿಡಿ ನಿಯಮದ ಪ್ರಕಾರ ನಡೆಯುವ 45 ವಾಟ್‌ನ ಬ್ಯಾಂಕು 15 ವೋಲ್ಟಿಗೆ 3 ಆಂಪ್ ಕೊಡಲೇಬೇಕು. ಹಾಗಾಗಿ ಪಿಡಿ 45 ವಾಟ್ ಎಂದಿದ್ದರೆ ಹಳೆಯ ಸ್ವಿಚ್‌ನ ಡಾಕ್‌ಗೆ ಸಾಮಾನ್ಯವಾಗಿ ಸಾಕು. 65 ಇದ್ದರೆ ಇನ್ನೂ ನಿಶ್ಚಿಂತೆ. ಆದರೆ ‘ಪಿಡಿ’ ಎಂಬ ಎರಡಕ್ಷರ ಬಿಟ್ಟು ಬರೀ ವಾಟ್ ನೋಡಿ ತಂದೀರಿ, ಜೋಕೆ. ನಮ್ಮ ಮಾರುಕಟ್ಟೆಯಲ್ಲಿ ಫೋನ್ ಕಂಪನಿಗಳು ತಮ್ಮ ತಮ್ಮದೇ ಚಾರ್ಜಿಂಗ್ ಭಾಷೆ ಮಾಡಿಕೊಂಡಿವೆ. 67 ವಾಟ್, 80 ವಾಟ್ ಎಂದು ಪೆಟ್ಟಿಗೆಯ ಮೇಲೆ ಕುಣಿಯುವ ಅಂಕಿ ಎಷ್ಟೋ ಸಲ ಅದೇ ಕಂಪನಿಯ ಫೋನಿಗೆ ಮಾತ್ರ. ಹೊರಗಿನವರ ಜೊತೆ ಪಿಡಿಯಲ್ಲಿ ಮಾತಾಡುವಾಗ ಅದು ತೀರಾ ಕೆಳಗಿಳಿಯಬಹುದು. ಮನೆಯವರಿಗೆ ಹೋಳಿಗೆ ಊಟ, ದಾರಿಹೋಕರಿಗೆ ಮಜ್ಜಿಗೆ. ಹಿಂಬದಿಯ ಬೂದು ಅಕ್ಷರದಲ್ಲಿ ‘15 ವೋಲ್ಟ್ – 3 ಆಂಪ್’ ಎಂಬ ಸಾಲು ಕಣ್ಣಾರೆ ಕಂಡರೆ ಮಾತ್ರ ದುಡ್ಡು ಕೊಡಿ. ಅಂಗಡಿಯವನು ‘ಎಲ್ಲದಕ್ಕೂ ಆಗುತ್ತೆ ಸಾರ್’ ಎನ್ನುತ್ತಾನೆ. ಅವನ ಪ್ರಕಾರ ‘ಎಲ್ಲ’ ಎಂದರೆ ಫೋನು.

ದಪ್ಪಕ್ಷರದ 20,000 ಹಾಗಿದ್ದರೆ ಯಾವ ಲೆಕ್ಕ? ಡಾಕ್ ಓಡುತ್ತದೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಓಡುವುದೇ ಆದರೆ ಎಷ್ಟು ಹೊತ್ತು ಎಂಬುದನ್ನು ಅದು ಹೇಳುತ್ತದೆ, ಅದೂ ಸ್ವಲ್ಪ ಉಬ್ಬಿಸಿ. 20,000 ಮಿಲಿ ಆಂಪ್ ಅವರ್ ಎಂಬುದು ಒಳಗಿನ ಲಿಥಿಯಂ ಸೆಲ್ಲಿನ ಲೆಕ್ಕ, ಅದರ ವೋಲ್ಟೇಜು ಸುಮಾರು 3.7. ಗುಣಿಸಿದರೆ 74 ವಾಟ್ ಅವರ್. ಈ 3.7ನ್ನು 15ಕ್ಕೆ ಏರಿಸುವ ದಾರಿಯಲ್ಲಿ ಒಂದಿಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ನೂರಕ್ಕೆ ಹದಿನೈದು ಎಂದಿಟ್ಟುಕೊಳ್ಳಿ. ಉಳಿದದ್ದು 63ರ ಆಸುಪಾಸು. 15 ವಾಟ್‌ನಂತೆ ತಿಂದರೆ ನಾಲ್ಕು ಗಂಟೆಯ ಆಟ. 10,000ದ ಬ್ಯಾಂಕಾದರೆ ಎರಡು ಗಂಟೆ. ಇದೇ ಕಾರಣಕ್ಕೆ ಬ್ಯಾಂಕಿನ ಮೇಲೆ ದೊಡ್ಡ ಅಂಕಿಯ ಕೆಳಗೆ ‘ರೇಟೆಡ್ ಕೆಪಾಸಿಟಿ’ ಎಂಬ ಚಿಕ್ಕ ಅಂಕಿಯೂ ಇರುತ್ತದೆ. 20,000ದ ಕೆಳಗೆ 12,000 ಎಂದಿದ್ದರೆ ಮೋಸ ಹೋದೆವೆಂದು ಗಾಬರಿ ಬೀಳಬೇಡಿ, ಅದು 5 ವೋಲ್ಟಿನ ಲೆಕ್ಕ, ಸೋರಿಕೆ ಕಳೆದದ್ದು. ಗಾಬರಿ ಬೀಳಬೇಕಾದದ್ದು ಆ ಚಿಕ್ಕ ಅಂಕಿಯೂ ಬಿಐಎಸ್ ನೋಂದಣಿ ಸಂಖ್ಯೆಯೂ ಇಲ್ಲದೆ, ಅಂಗೈ ಅಗಲದ ಡಬ್ಬಿಯ ಮೇಲೆ 50,000 ಎಂದು ಬರೆದಿದ್ದರೆ.

ವಿಮಾನದಲ್ಲಿ ಒಯ್ಯುವವರು ವಾಟ್ ಅವರ್ ಲೆಕ್ಕವನ್ನೇ ನೆನಪಿಟ್ಟುಕೊಳ್ಳಬೇಕು. 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವಂತೆಯೇ ಇಲ್ಲ. ಮಾರುಕಟ್ಟೆಯ ದೊಡ್ಡ ಬ್ಯಾಂಕುಗಳು 27,000ದ ಹತ್ತಿರ ಬಂದು ನಿಂತುಬಿಡುವುದು ಇದಕ್ಕೇ, 3.7ರಿಂದ ಗುಣಿಸಿ ನೋಡಿ.

ವೈರಿನ ಬಗ್ಗೆ ಒಂದು ಮಾತು. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ ಇರುವ ವೈರಿನಲ್ಲಿ ಈ ಚೌಕಾಸಿ ನಡೆಯುವುದಿಲ್ಲ. ಹಳೆಯ ತುದಿಯಲ್ಲಿ ಸಿಸಿ ಪಿನ್ನೇ ಇಲ್ಲ, ಟವೆಲ್ ಹಿಡಿಯಲು ಕೈಯೇ ಇಲ್ಲದ ಹಾಗೆ. ಎರಡೂ ತುದಿ ಸಿ ಇರಬೇಕು. ಹಾಗೆಂದು ಫುಟ್‌ಪಾತಿನ ಸಿ ವೈರು ತರಬೇಡಿ. ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಬೆನ್ಸನ್ ಲಿಯುಂಗ್ 2015ರಿಂದ ತಾವೇ ದುಡ್ಡು ಕೊಟ್ಟು ವೈರು ತರಿಸಿ ಒಂದೊಂದನ್ನೇ ಪರೀಕ್ಷಿಸಿ ಜನರಿಗೆ ತಿಳಿಸುತ್ತಿದ್ದರು. 2016ರ ಆರಂಭದಲ್ಲಿ ಅಂಥದೊಂದು ವೈರು ಅವರ ದುಬಾರಿ ಲ್ಯಾಪ್‌ಟಾಪನ್ನೇ ಕೊಂದಿತು. ಒಳಗೆ ಕರೆಂಟಿನ ತಂತಿಯನ್ನೂ ಗ್ರೌಂಡ್ ತಂತಿಯನ್ನೂ ಅದಲುಬದಲು ಬೆಸೆದಿದ್ದರು. ಹೊರಗಿನಿಂದ ನೋಡಿದರೆ ಅದೂ ಒಂದು ವೈರು, ಅಷ್ಟೇ.

ಹೊಸ ಸ್ವಿಚ್ 2 ತಂದವರಿಗೆ ಮೇಲಿನ ಅಂಕಿಗಳು ಸಾಲವು. 2025ರ ಜೂನ್‌ನಲ್ಲಿ ಬಂದ ಆ ಕನ್ಸೋಲಿನ ಡಾಕ್ 4ಕೆ ಚಿತ್ರ ಕೊಡುತ್ತದೆ, ತಂಪಾಗಿರಲು ಒಳಗೊಂದು ಫ್ಯಾನ್ ಇಟ್ಟುಕೊಂಡಿದೆ, ಜೊತೆಗೆ ಬರುವ ಅಡಾಪ್ಟರು 20 ವೋಲ್ಟ್ 3 ಆಂಪ್‌ನದು, 60 ವಾಟ್. ಹಳೆಯ ಅಡಾಪ್ಟರು ಅದರ ಡಾಕ್‌ಗೆ ನಡೆಯದು. ಬ್ಯಾಂಕು ಬೇಕೆಂದರೆ 20 ವೋಲ್ಟ್ 3 ಆಂಪ್‌ನ ಸಾಲು ಹುಡುಕಬೇಕು. ಇನ್ನು ಪ್ಲೇಸ್ಟೇಷನ್ 5 ಅನ್ನು ಪವರ್ ಬ್ಯಾಂಕಿನಲ್ಲಿ ಓಡಿಸಬಹುದೇ ಎಂದು ಸೋದರಳಿಯ ಕೇಳಿದ. ಅದು ಆಟದ ಮಧ್ಯೆ ಸುಮಾರು 200 ವಾಟ್ ಎಳೆಯುವ ಆಸಾಮಿ, ಗೋಡೆಯ ಪ್ಲಗ್ಗೇ ಬೇಕು. ಭಾವನ ಇನ್ವರ್ಟರಿನ ಹತ್ತಿರ ಅದರ ಹೆಸರೂ ಎತ್ತಬೇಡ ಅಂದೆ.

ಈ ವರ್ಷ ಮಳೆಗಾಲಕ್ಕೆ ಮುಂಚೆ 65 ವಾಟ್‌ನ ಬ್ಯಾಂಕು ಕೊಂಡೆ. 20,000ದ್ದೇ. ಹಿಂದಿನ ಬೂದು ಅಕ್ಷರ ಓದಲು ಅಂಗಡಿಯಲ್ಲೇ ಭೂತಗನ್ನಡಿ ಕೇಳಿದವನು ನಾನೊಬ್ಬನೇ ಇರಬೇಕು. ಜುಲೈನಲ್ಲಿ ಅಕ್ಕನ ಮನೆಗೆ ಹೋದಾಗ ಕರೆಂಟು ನಿರಾಸೆ ಮಾಡಲಿಲ್ಲ, ಬೆಳಿಗ್ಗೆಯೇ ಹೋಗಿತ್ತು. ವೈರು ಸಿಕ್ಕಿಸಿದೆ. ಎರಡು ಕ್ಷಣ ಕಳೆದು ಹಸಿರು ದೀಪ ಹೊತ್ತಿತು, ಟಿವಿಯಲ್ಲಿ ಆಟ ಬಂತು, ಹುಡುಗ ನನ್ನನ್ನು ಮೊದಲ ಬಾರಿಗೆ ಸ್ವಲ್ಪ ಗೌರವದಿಂದ ನೋಡಿದ.

ಒಂದು ಎಡವಟ್ಟು ಆಯಿತು. ಸೋದರಸೊಸೆ ಬಂದು ಬ್ಯಾಂಕಿನ ಎರಡನೇ ಪೋರ್ಟಿಗೆ ತನ್ನ ಫೋನು ಸಿಕ್ಕಿಸಿದಳು. ಟಿವಿ ಕಪ್ಪಾಯಿತು. ಇಬ್ಬರು ಗಿರಾಕಿ ಬಂದರೆ ಬ್ಯಾಂಕು ಮೊದಲಿನವನ ಜೊತೆಗಿನ ಒಪ್ಪಂದ ಮುರಿದು, ಇರುವ 65 ವಾಟನ್ನು ಪಾಲು ಮಾಡಿ, ಹೊಸ ದರಪಟ್ಟಿ ಓದುತ್ತದೆ. ಹೊಸ ಪಟ್ಟಿಯಲ್ಲಿ ಡಾಕ್‌ಗೆ ಬೇಕಾದ ಸಾಲು ಕಳಚಿಹೋಗಿತ್ತು. ಫೋನು ಕಿತ್ತ ಮೇಲೆ ಮತ್ತೆ ಚೌಕಾಸಿ, ಮತ್ತೆ ಹಸಿರು. ಕನ್ಸೋಲಿಗೆ ಅದರದೇ ಬ್ಯಾಟರಿ ಇರುವುದರಿಂದ ಆಟವೇನೂ ಕಳೆದುಹೋಗಲಿಲ್ಲ. ಅಣ್ಣ ತಂಗಿಯ ಜಗಳ ಮಾತ್ರ ಅರ್ಧ ಗಂಟೆ ನಡೆಯಿತು. ಬ್ಯಾಂಕನ್ನೇ ಗೋಡೆಗೆ ಸಿಕ್ಕಿಸಿಟ್ಟು, ಅದರಿಂದ ಡಾಕ್‌ಗೆ ಕೊಟ್ಟು ಯುಪಿಎಸ್ ಹಾಗೆ ಬಳಸೋಣ ಎಂಬ ನನ್ನ ಉಪಾಯವೂ ಇಲ್ಲೇ ಮುಗ್ಗರಿಸಿತು. ಅಷ್ಟರಲ್ಲಿ ಐದು ನಿಮಿಷ ಬಂದ ಕರೆಂಟು ಹೋದ ಕ್ಷಣವೇ ನನ್ನ ಬ್ಯಾಂಕು ಒಮ್ಮೆ ತಡವರಿಸಿ ಹೊಸದಾಗಿ ಮಾತುಕತೆ ಶುರುಮಾಡಿತು, ಟಿವಿ ಕಣ್ಣು ಮುಚ್ಚಿ ತೆರೆಯಿತು. ಹಾಗೆ ತಡವರಿಸದ ಬ್ಯಾಂಕುಗಳೂ ಇವೆ, ನನ್ನದು ಅಂಥದಲ್ಲ.

ಸಂಜೆ ಆರೂವರೆಗೆ ಇನ್ವರ್ಟರ್ ಕುಯ್ಯೆಂದಿತು. ಬೆಳಗಿನಿಂದ ಟಿವಿ ಹೊತ್ತು ಸಾಕಾಗಿತ್ತು ಅದಕ್ಕೆ. ಲೈಟು, ಫ್ಯಾನು, ಟಿವಿ ಒಟ್ಟಿಗೆ ಹೋದವು. ಕತ್ತಲೆ ಹಾಲ್‌ನಲ್ಲಿ ಬ್ಯಾಂಕಿನ ನಾಲ್ಕು ಚುಕ್ಕಿ ದೀಪಗಳಲ್ಲಿ ಎರಡು ಇನ್ನೂ ಉರಿಯುತ್ತಿದ್ದವು. ಎರಡು ಗಂಟೆಯ ಆಟ ಬಾಕಿ ಇತ್ತು, ತೋರಿಸಲು ಟಿವಿ ಇರಲಿಲ್ಲ. ಟಿವಿಗೂ ಕರೆಂಟು ಬೇಕು ಎಂಬುದನ್ನು ಒಂದು ವರ್ಷದ ಸಂಶೋಧನೆಯಲ್ಲಿ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹುಡುಗ ಒಂದು ಮಾತೂ ಆಡದೆ ಕನ್ಸೋಲನ್ನು ಡಾಕ್‌ನಿಂದ ಎತ್ತಿದ. ಹಿಂದಿನ ಕಡ್ಡಿಯಂಥ ಸ್ಟ್ಯಾಂಡ್ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದ. ಆದರೆ ಹಳೆಯ ಸ್ವಿಚ್‌ಗೆ ಚಾರ್ಜಿಂಗ್ ತೂತು ಇರುವುದು ಬುಡದಲ್ಲಿ. ನಿಲ್ಲಿಸಿದರೆ ವೈರು ಚುಚ್ಚಲು ಜಾಗವಿಲ್ಲ. ಈ ಕೊರತೆ ಕಂಪನಿಗೂ ಹೊಳೆದು ಸ್ವಿಚ್ 2ಕ್ಕೆ ಮೇಲೊಂದು ತೂತು ಕೊರೆದಿದ್ದಾರೆ. ಇವನು ಅಷ್ಟು ಕಾಯಲಿಲ್ಲ. ಕತ್ತಲಲ್ಲೇ ಕಪಾಟು ತಡಕಿ ಎರಡು ಪುಸ್ತಕ ತಂದ, ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು ಮೇಜಿನ ಅಂಚಿನಲ್ಲಿ ಮಲಗಿಸಿದ, ಕನ್ಸೋಲನ್ನು ಅವುಗಳ ಮೇಲೆ ಸೇತುವೆಯ ಹಾಗೆ ನಿಲ್ಲಿಸಿ, ಸಂದಿನಿಂದ ವೈರನ್ನು ಇಳಿಬಿಟ್ಟ. ಅಣ್ಣ ತಂಗಿ ಒಂದೊಂದು ಹಿಡಿಕೆ ಕಿತ್ತುಕೊಂಡು ಆಡಲು ಕೂತರು.

ಟಾರ್ಚ್ ಹಿಡಿದು ಬಂದ ಭಾವ, ನಾಳೆ ಏಕಾದಶಿಯೋ ನಾಡಿದ್ದೋ ನೋಡಬೇಕಿತ್ತು, ಇಲ್ಲೇ ಇಟ್ಟಿದ್ದ ಪಂಚಾಂಗ ಎಲ್ಲಿ ಹೋಯಿತು ಎಂದು ಕಪಾಟಿನ ಮುಂದೆ ನಿಂತು ಕೇಳುತ್ತಿದ್ದರು.